ನಾಲ್ಕು ಮಕ್ಕಳಿಗೊಬ್ಬಳು ಅಜ್ಜಿ

ಶುಕ್ರವಾರ ಮಧ್ಯಾಹ್ನ ಮೂರು ಹೊಡೆದರೆ ಸಾಕು, ಮಾಲ್‌ನ ಬಾಗಿಲಲ್ಲಿ ಕಾವಲಿನ ಲೆಸ್ಟರ್ ಕೈ ಅಡ್ಡ ಹಿಡಿದು ನಿಲ್ಲಬೇಕು. ಹದಿನೆಂಟು ತುಂಬದವರು ದೊಡ್ಡವರಿಲ್ಲದೆ ಒಳಗೆ ಬರುವ ಹಾಗಿಲ್ಲ. ಡಿಸೆಂಬರಿನಲ್ಲಿ ಯಾರೋ ನಾಲ್ಕು ಹುಡುಗರು ಹೊಡೆದಾಡಿ ಗಾಜು ಒಡೆದರು. ಜನವರಿಯಲ್ಲಿ ಡೇಟನ್ ಊರಿನ ಹುಡುಗರಿಗೆಲ್ಲ ಸೇರಿಸಿ ಬೋರ್ಡು ಬಿತ್ತು.

ಬಾಗಿಲಿನಿಂದ ಇಪ್ಪತ್ತು ಹೆಜ್ಜೆಗೆ ವರ್ನೀಟಾಳ ಪ್ರೆಟ್ಜೆಲ್ ಅಂಗಡಿ. ಹಿಟ್ಟನ್ನು ಹುರಿಯ ಹಾಗೆ ಎಳೆದು, ಗಂಟು ಹಾಕಿ ಬೇಯಿಸಿ, ಬಿಸಿ ಇರುವಾಗಲೇ ಬೆಣ್ಣೆ ಸವರುತ್ತಾ ಅವಳು ಕೆಳತುಟಿ ಕಚ್ಚುತ್ತಿದ್ದಳು. ನಲವತ್ತಾರರ ಲೆಸ್ಟರ್ ಮೂರು ವರ್ಷದಿಂದ ಅದನ್ನೇ ನೋಡುತ್ತಾ ನಿಂತಿದ್ದ. ಬಾಯಿ ಮಾತ್ರ ಬಿಟ್ಟಿರಲಿಲ್ಲ, ಪುಣ್ಯಾತ್ಮ.

“ಏನ್ರೀ ಆಫೀಸರ್ರೇ, ಇವತ್ತು ನನ್ನ ಗಿರಾಕಿಗಳನ್ನ ಎಷ್ಟು ಜನ ಓಡಿಸಿದ್ರಿ?”

“ನಾನೆಲ್ಲಿ ಓಡಿಸ್ತೀನಿ? ರೂಲ್ಸು.”

“ರೂಲ್ಸು ಬಂದು ನನ್ನ ಪ್ರೆಟ್ಜೆಲ್ ತಿನ್ನುತ್ತಾ?”

ನಗುತ್ತಲೇ ಕೇಳಿದಳು, ಆದರೆ ಅವಳ ಹಿಂದೆ ಮೂರು ಟ್ರೇ ತಣ್ಣಗಾಗಿದ್ದವು. ಅವಳ ವ್ಯಾಪಾರವೆಲ್ಲ ಶಾಲೆ ಬಿಟ್ಟು ಬರುವ ಹುಡುಗರದ್ದೇ. ಅವರಿಲ್ಲದಿದ್ದರೆ ಅಂಗಡಿ ಬೇಸಿಗೆ ಕಾಣುವುದಿಲ್ಲ. ಲೆಸ್ಟರ್ ಅಕ್ಕಪಕ್ಕ ನೋಡಿ ಪಿಸುಗುಟ್ಟಿದ.

“ಬೋರ್ಡಲ್ಲಿ ದೊಡ್ಡವರು ಅಂತಷ್ಟೇ ಇದೆ ಕಣ್ರೀ. ಅಪ್ಪ ಅಮ್ಮನೇ ಆಗ್ಬೇಕು ಅಂತ ಎಲ್ಲೂ ಇಲ್ಲ. ಒಬ್ಬರ ಜೊತೆ ನಾಲ್ಕು ಮಕ್ಕಳು ಬರಬಹುದು.”

ವರ್ನೀಟಾ ಅವನನ್ನು ಮೇಲಿಂದ ಕೆಳಗೆ ನೋಡಿದಳು, ಮೊದಲ ಸಲ ನೋಡುವವಳಂತೆ. “ಅಬ್ಬಾ, ಮಳ್ಳನ ಹಾಗೆ ಇರ್ತೀಯ! ಒಳಗೆ ಎಷ್ಟು ಇಟ್ಕೊಂಡಿದೀಯೋ!” ಅಂದು ತೋಳು ತಟ್ಟಿದಳು. ಸಮವಸ್ತ್ರದ ಮೇಲೆ ಹಿಟ್ಟಿನ ಐದು ಬೆರಳು ಮೂಡಿದವು. ಅವನು ಅದನ್ನು ಸಂಜೆಯವರೆಗೂ ಒರೆಸಲಿಲ್ಲ.

ಚಳಿಗಾಲದಲ್ಲಿ ಅಂಗಡಿಗಳು ತೆರೆಯುವ ಮೊದಲೇ ಮುದುಕಿಯರ ಒಂದು ದಂಡು ಮಾಲ್‌ನೊಳಗೆ ನಡಿಗೆಯ ಸುತ್ತು ಹೊಡೆಯಲು ಬರುತ್ತದೆ. ಅವರ ನಾಯಕಿ ಎಪ್ಪತ್ತೆಂಟರ ಮಿಸ್ ಹ್ಯಾಟಿ. ವರ್ನೀಟಾ ಅವಳ ಕಿವಿಯಲ್ಲಿ ಏನು ಊದಿದಳೋ, ಮುಂದಿನ ಶುಕ್ರವಾರ ದಂಡೆಲ್ಲ ಸಂಜೆಗೇ ಹಾಜರು.

“ನಾಲ್ಕೇ ಜನ ಬನ್ರೋ! ಬಾಯಲ್ಲಿ ಕೆಟ್ಟ ಮಾತು ಬಂತೋ, ಕಿವಿ ಕಿತ್ತು ಕೈಗೆ ಕೊಡ್ತೀನಿ!” ಅಂತ ಮಿಸ್ ಹ್ಯಾಟಿ ಬಾಗಿಲ ಹೊರಗೆ ನಿಂತಿದ್ದ ಹುಡುಗರನ್ನು ಕರೆದಳು.

ಲೆಸ್ಟರ್ ಗಂಭೀರವಾಗಿ ಕೇಳಿದ: “ಇವರೆಲ್ಲ ನಿಮ್ಮವರಾ, ಮಿಸ್ ಹ್ಯಾಟಿ?”

“ಎಲ್ಲಾ ದೇವರ ಮಕ್ಕಳಪ್ಪಾ. ದಾರಿ ಬಿಡು.”

ಐದು ಶುಕ್ರವಾರ ಹಾಗೆ ನಡೆಯಿತು. ಹುಡುಗರು ಅಜ್ಜಿಯರ ಚೀಲ ಹೊತ್ತರು, ಅಜ್ಜಿಯರು ಫೋನಿನಲ್ಲಿ ಆಟ ಕಲಿತರು. ಪ್ರತಿ ಸಂಜೆ ವರ್ನೀಟಾ ಒಂದು ಪ್ರೆಟ್ಜೆಲ್ ಮುರಿದು ಅರ್ಧ ಲೆಸ್ಟರನಿಗೆ ಕೊಡುತ್ತಿದ್ದಳು, ದಾಲ್ಚಿನ್ನಿ ಸಕ್ಕರೆ ಹೆಚ್ಚು ಇರುವ ಅರ್ಧ.

ಸುಮ್ಮನಿದ್ದರೆ ಆಗುತ್ತಿತ್ತು. ಪ್ರೀತಿ ಹತ್ತಿದವನಿಗೆ ಬುದ್ಧಿ ಎಲ್ಲಿರುತ್ತದೆ? ಕಾವಲಿನವರು ಪಾಳಿ ಮುಗಿದ ಮೇಲೆ ದಿನದ ವರದಿ ಬರೆಯಬೇಕು. ‘ಗಲಾಟೆ ಇಲ್ಲ’ ಅಂತ ಗೀಚಿ ಮನೆಗೆ ಹೋಗುವುದು ವಾಡಿಕೆ. ಐದನೆಯ ಶುಕ್ರವಾರ ಲೆಸ್ಟರ್ ಒಂದು ಪುಟ ಬರೆದ. ಮಿಸ್ ಹ್ಯಾಟಿ ಹನ್ನೆರಡು ಮಕ್ಕಳನ್ನು ಮೂರು ಸಲಕ್ಕೆ ಕರೆತಂದಳು, ಯಾರೂ ಜಗಳ ಆಡಲಿಲ್ಲ, ಇಂಥ ಮಕ್ಕಳಿಗೆ ಬೋರ್ಡೇ ಬೇಡ ಅಂತ. ವರದಿ ಓದಿದ ಮೇಲಿನವರ ಮನಸ್ಸು ಕರಗುತ್ತದೆ, ನಿಯಮ ಹೋಗುತ್ತದೆ, ಅವಳ ಅಂಗಡಿ ಉಳಿಯುತ್ತದೆ ಅಂದುಕೊಂಡಿದ್ದ.

ಮೇಲಿನವರಿಗೆ ಅದರಲ್ಲಿ ಕಂಡಿದ್ದು ನಿಯಮದ ಸಂದು; ಸೋಮವಾರ ಹೊಸ ಬೋರ್ಡು ಬಂತು. ಹೆತ್ತವರು, ಇಲ್ಲವೇ ಕೋರ್ಟಿನ ಕಾಗದ ಇದ್ದ ಪೋಷಕರು ಮಾತ್ರ. ಆ ಶುಕ್ರವಾರ ಮಿಸ್ ಹ್ಯಾಟಿಗೂ ಲೆಸ್ಟರನೇ ಕೈ ಅಡ್ಡ ಹಿಡಿದ.

“ಯಾವನೋ ಹೊಟ್ಟೆಕಿಚ್ಚಿನವನು ಚಾಡಿ ಹೇಳಿದಾನೆ,” ಅಂದಳು ವರ್ನೀಟಾ. “ಅವನ ಬಾಯಿಗೆ ಹುಳ ಬೀಳ.”

ಅವಳ ಕಣ್ಣು ತುಂಬಿದಾಗ ಲೆಸ್ಟರ್ ಟಿಶ್ಯೂ ಕಾಗದ ಚಾಚಿದ. ಬರೆದದ್ದು ತಾನೇ ಅಂತ ನಾಳೆ ಹೇಳಿದರಾಯಿತು ಅಂದುಕೊಂಡ. ಆ ನಾಳೆ ಎರಡು ತಿಂಗಳಾಯಿತು.

ಮೇ ಕೊನೆಯಲ್ಲಿ ಅವಳು ಅಂಗಡಿ ಖಾಲಿ ಮಾಡಿದಳು. ಡಬ್ಬಗಳನ್ನು ಕಾರಿಗೆ ಇಡಲು ಲೆಸ್ಟರ್ ರಜೆ ಹಾಕಿ ಬಂದಿದ್ದ.

“ತಲ್ಸಾದಲ್ಲಿ ಅಕ್ಕ ಇದಾಳೆ, ಅಲ್ಲೇ ಶುರು ಮಾಡ್ತೀನಿ,” ಅಂದಳು. ಆಮೇಲೆ ಅವನ ಅಂಗಿಯ ಗುಂಡಿ ನೋಡುತ್ತಾ, “ನೀನೂ ಬಾ. ನೋಡು, ನಾನೇ ಕೇಳ್ಬೇಕಾಯ್ತು. ನಿನ್ನ ನಂಬಿದ್ರೆ ಈ ಜನ್ಮ ಮುಗಿಯುತ್ತೆ.”

ಅವನಿಗೆ ಎದೆ ತುಂಬಿ ಬಂತು. ಹೂಂ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಸುಳ್ಳು ಹೊತ್ತುಕೊಂಡು ಅವಳ ಪಕ್ಕ ಕೂರುವುದು ಅವನಿಂದ ಆಗಲಿಲ್ಲ.

“ಚಾಡಿ ಯಾರೂ ಹೇಳಲಿಲ್ಲ. ನಾನೇ ವರದಿಯಲ್ಲಿ ಬರೆದೆ. ಒಳ್ಳೇದಾಗಲಿ ಅಂತ. ನಿನಗೋಸ್ಕರ.”

ವರ್ನೀಟಾ ಕೈಯಲ್ಲಿದ್ದ ಟ್ರೇಯನ್ನು ಮೆಲ್ಲಗೆ ಸೀಟಿನ ಮೇಲಿಟ್ಟಳು.

“ಯಾವಾಗ ಗೊತ್ತಾಯ್ತು ನಿಂಗೆ?”

“ಬೋರ್ಡು ಬಂದ ದಿನವೇ.”

“ಅವತ್ತೇ ಹೇಳಿದ್ರೆ ನಾಲ್ಕು ಬೈದು ಒಂದು ಮುತ್ತು ಕೊಡ್ತಿದ್ದೆ ಕಣೋ.” ಅವಳ ದನಿ ಒಡೆಯಿತು. “ಬರೆದಿದ್ದಕ್ಕಲ್ಲ ಲೆಸ್ಟರ್. ಎರಡು ತಿಂಗಳು ನಿನ್ನ ಮುಂದೇನೇ ಅತ್ತೆ. ಯಾರೋ ಕಾಣದವನಿಗೆ ಶಾಪ ಹಾಕಿದೆ. ನೀನು ಪಕ್ಕದಲ್ಲಿ ನಿಂತು ಟಿಶ್ಯೂ ಕೊಡ್ತಿದ್ದೆ.”

ಲೆಸ್ಟರ್ ಉಳಿದ ಎರಡು ಡಬ್ಬ ತಂದಿಟ್ಟ, ಡಿಕ್ಕಿ ಮುಚ್ಚಿದ.

ಕಾರು ಶುರುವಾದಾಗ ಕಿಟಕಿಗೆ ಬಗ್ಗಿದ. “ವರ್ನೀಟಾ, ನನಗೆ ನಿನ್ನ ಮೇಲೆ ಪ್ರೀತಿ. ಮೊದಲಿಂದಲೂ.”

“ಗೊತ್ತು,” ಅಂದಳು ಅವಳು, ಅವನ ಕೆನ್ನೆಯ ಮೇಲೆ ಕೈಯಿಟ್ಟು. “ನಂಗೂ ಇದೆ. ಅದಕ್ಕೇ ನೀನು ಬರ್ಬೇಡ. ಇನ್ನು ನೀನು ಟಿಶ್ಯೂ ಕೊಟ್ಟಾಗೆಲ್ಲ, ಏನು ಮುಚ್ಚಿಟ್ಟಿದೀಯೋ ಅಂತ ನಿನ್ನ ಮುಖ ನೋಡ್ಬೇಕಾಗುತ್ತೆ.”

ಕೈ ತೆಗೆದಳು, ಕನ್ನಡಿ ಸರಿಮಾಡಿಕೊಂಡು ಕಾರನ್ನು ರಸ್ತೆಗಿಳಿಸಿದಳು. ಸಿಗ್ನಲ್ ಕೆಂಪಾಗಿತ್ತು. ಅದು ಹಸಿರಾಗುವಷ್ಟು ಹೊತ್ತು ಲೆಸ್ಟರ್ ಕಾದ, ಓಡಿಹೋಗಿ ನಾನೂ ಬರ್ತೀನಿ ಅಂತ ಕೇಳಿಕೊಳ್ಳಲೇ ಅಂದುಕೊಳ್ಳುತ್ತಾ, ನಿಂತಲ್ಲೇ ನಿಂತು.