ಹನ್ನೊಂದನೇ ಸಂಪುಟ

ಪಿಸ್ತೂಲಿನ ಮೂತಿ ನನ್ನ ಪಕ್ಕೆಗೆ ಒತ್ತಿತು.

"ವರದಿ ಎಲ್ಲಿ, ತೋರ್ಗೊಮ್?"

ತೊಂಬತ್ತಮೂರರ ಚಳಿಗಾಲ. ಯೆರೆವಾನ್ ಪೇಟೆ, ಹಾಡಹಗಲು... ಸೀಮೆಎಣ್ಣೆ ಕ್ಯೂನಲ್ಲಿದ್ದ ನೂರು ಜನ ನೋಡುತ್ತಿದ್ದರು. ಯಾರೂ ಮಿಸುಕಲಿಲ್ಲ. ಮಿಸುಕಿದರೆ ಸರದಿ ಹೋಗುತ್ತದಲ್ಲ!

ಪಿಸ್ತೂಲು ಹಿಡಿದವನ ಮೊಣಕಾಲಿಗೆ ಒದ್ದೆ. ಓಡಿದೆ.

ನಾನು ಮಾಜಿ ಪೊಲೀಸ್. ಈಗ ಯಾರು ಕರೆದರೂ ಹೋಗುವವನು. ಈ ಸಲ ಕರೆದವನು ಭೂವಿಜ್ಞಾನಿ ವಾರ್ತ್ಗೆಸ್. ಇಡೀ ಅರ್ಮೇನಿಯಕ್ಕೆ ಇದ್ದದ್ದು ಒಂದೇ ಅಣುಸ್ಥಾವರ. ಭೂಕಂಪದ ನಂತರ ಮುಚ್ಚಿದ್ದರು. ಈಗ ಮತ್ತೆ ತೆರೆಯಲು ತುದಿಗಾಲಲ್ಲಿ ನಿಂತಿದ್ದರು. ಇನ್ನೊಂದು ಭೂಕಂಪವಾದರೆ ಅದು ತಡೆಯುವುದಿಲ್ಲ ಅಂತ ಇವನ ವರದಿ. ಮಧ್ಯಾಹ್ನ ಮೂರರೊಳಗೆ ಅದು ಒಪ್ಪಿಗೆ ಕೊಡುವ ಸಮಿತಿಯ ಮುಂದಿರಬೇಕು. ಉಳಿದಿದ್ದದ್ದು ಒಂದೇ ಪ್ರತಿ. ಜೆರಾಕ್ಸ್ ಮಾಡಿಸೋಣವೆಂದರೆ ದಿನಕ್ಕೆ ಒಂದೇ ಗಂಟೆ ಕರೆಂಟು!

ಸ್ಥಾವರ ತೆರೆಯುವ ಕೆಲಸ ಹಿಡಿದಿದ್ದ ಗುತ್ತಿಗೆದಾರನ ಗೂಂಡಾಗಳು ವಾರ್ತ್ಗೆಸ್‌ನ ಹಲ್ಲು ಉದುರಿಸಿದ್ದರು. ಆಸ್ಪತ್ರೆಯಲ್ಲಿ ತೊದಲುತ್ತಲೇ ಹೇಳಿದ್ದ.

"ಅಕ್ಕನ ಮನೇಲಿದೆ. ಕಮ್ಯುನಿಸ್ಟ್ ಪಾರ್ಟಿ ಭಾಷಣಗಳ ಕೆಂಪು ಸಂಪುಟ, ಹನ್ನೊಂದನೇದು. ಇಷ್ಟು ವರ್ಷದಲ್ಲಿ ಅದನ್ನ ಒಬ್ರೂ ಬಿಡಿಸಿ ನೋಡಿಲ್ಲ."

ಭಲೇ ಜಾಣ ಅಂದುಕೊಂಡಿದ್ದೆ.

ಅಕ್ಕನ ಮನೆಗೆ ಒಂಬತ್ತು ಮಹಡಿ. ಲಿಫ್ಟ್ ಸತ್ತಿತ್ತು. ಕೆಳಗೆ ಬೂಟಿನ ಸದ್ದು... ಏದುಸಿರು ಬಿಡುತ್ತ ಬಾಗಿಲು ಬಡಿದೆ.

ಅಕ್ಕ ಸತೇನಿಕ್ ತೆರೆದಳು. ಬೇಗ ಒಳಗೆ ಬಾ, ಶಾಖ ಹೋಗುತ್ತೆ ಅಂತ ಗದರಿದಳು. ಕೋಣೆಯ ನಡುವೆ ತಗಡಿನ ಒಲೆ. ಪಕ್ಕದಲ್ಲಿ ಕೋಟು ಹೊದ್ದು ಕೆಮ್ಮುತ್ತಿದ್ದ ಮೊಮ್ಮಗಳು.

"ಅಕ್ಕಾ, ಪಾರ್ಟಿ ಪುಸ್ತಕ ಎಲ್ಲಿ?"

"ಒಲೆಗೆ ಮೊದಲು ಅವನ್ನೇ ತಾನೇ ಹಾಕೋದು? ಎಲ್ಲರ ಮನೇಲೂ ಅಷ್ಟೇ. ಕವಿಗಳನ್ನ ಸುಡೋಕೆ ಮನಸ್ಸು ಬರುತ್ತಾ?"

"ಹನ್ನೊಂದನೇದು?"

"ಈಗಷ್ಟೇ... ಮಗೂಗೆ ಹಾಲು ಕಾಯಿಸಿದೆ."

ಒಲೆಗೆ ಕೈ ಹಾಕಿದೆ. ಬೆರಳು ಸುಟ್ಟಿತು. ಸಿಕ್ಕಿದ್ದು ಬೂದಿ, ಅರೆಸುಟ್ಟ ಕೆಂಪು ರಟ್ಟು. ವಿಷಯ ಹೇಳಿದೆ. ಅವಳು ನೆಲದ ಮೇಲೆ ಕುಸಿದಳು.

"ನನ್ನ ಕೈಯಾರೆ ತಮ್ಮನನ್ನ ಹಾಳು ಮಾಡಿದೆನಲ್ಲಪ್ಪ..."

ಬಾಗಿಲು ಒಡೆದು ಪಿಸ್ತೂಲಿನವನು ಕುಂಟುತ್ತ ನುಗ್ಗಿದ. ಒಲೆ ನೋಡಿದ. ನನ್ನ ಕೈಯಲ್ಲಿದ್ದ ರಟ್ಟು ನೋಡಿದ. ಅವನಿಗೂ ಅರ್ಥವಾಯಿತು. ಪಿಸ್ತೂಲನ್ನು ಜೇಬಿಗಿಳಿಸಿ, ಮರಗಟ್ಟಿದ ಕೈಗಳನ್ನು ಒಲೆಯ ಮೇಲೆ ಚಾಚಿದ.

"ಸ್ವಲ್ಪ ಆಚೆ ಸರಿ," ಅಂದ.

ಸರಿದೆ.

ಮೂರು ಗಂಟೆಗೆ ಸಮಿತಿ ಸ್ಥಾವರ ತೆರೆಯಲು ಒಪ್ಪಿಗೆ ಕೊಟ್ಟಿತು. ಸುದ್ದಿ ಹೇಳಿದಾಗ ವಾರ್ತ್ಗೆಸ್ ಗೋಡೆಗೆ ಮುಖ ಮಾಡಿ ಅತ್ತ. ಜಾರಿದ ಅವನ ಹೊದಿಕೆ ಮೇಲೆಳೆದೆ.

ಆದರೆ ನಿಮ್ಮ ಹತ್ತಿರ ಸುಳ್ಳು ಯಾಕೆ? ಕರೆಂಟು ನನಗೂ ಬೇಕಿತ್ತು.