ಒಂದು ಇಂಚು ನೀರು

2025ರ ಮೇ 12, ಸೋಮವಾರ, ಬೆಳಿಗ್ಗೆ 10.40. ಹೊಸಪೇಟೆಯಲ್ಲಿ ಟಿಪ್ಪರ್ ಲಾರಿಗಳ ಬಿಡಿಭಾಗ ಮಾರುವ ಹಾಲೇಶ್ ಠಾಣೆಗೆ ಬಂದು, ತಮ್ಮ ಈಜುಕೊಳದಲ್ಲಿ ಒಂದೂಕಾಲು ಇಂಚು ನೀರು ಕಡಿಮೆಯಾಗಿದೆ ಎಂದು ದೂರು ಕೊಟ್ಟರು.

ಸಬ್ ಇನ್ಸ್‌ಪೆಕ್ಟರ್ ರೇವಣಸಿದ್ದ ಎತ್ತಿಕೊಂಡ ಪೆನ್ನನ್ನು ಮತ್ತೆ ಕೆಳಗಿಟ್ಟ. ಹನ್ನೊಂದು ವರ್ಷದ ಸರ್ವಿಸಿನಲ್ಲಿ ಅವನು ಕಾಣೆಯಾದ ಎತ್ತು, ಬೈಕು, ಗಂಡ, ಒಮ್ಮೆ ಅದಿರು ತುಂಬಿದ ಇಡೀ ಲಾರಿಯನ್ನೇ ಬರೆದುಕೊಂಡಿದ್ದ. ಇಂಚಿನಲ್ಲಿ ಅಳೆದು ತಂದ ದೂರು ಇದೇ ಮೊದಲು.

ಗಾದಿಗನೂರಿನ ಅಂಚಿನಲ್ಲಿ ಹಾಲೇಶರ ಹೊಸ ಮನೆ. ಹಿತ್ತಲಲ್ಲಿ ಇಪ್ಪತ್ತನಾಲ್ಕು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಕೊಳ. ಕಟ್ಟಿದವನು ಬಂಡ್ರಿಯ ಉಜ್ಜಿನಪ್ಪ ಮಿಸ್ತ್ರಿ. ಸೋರುತ್ತದೋ ಇಲ್ಲವೋ ನೋಡಲು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅಂಚಿನ ತನಕ ನೀರು ತುಂಬಿಸಿ, ಮನೆಯವರೆಲ್ಲ ಕಂಪ್ಲಿಗೆ ಮದುವೆಗೆ ಹೋಗಿದ್ದರು. ಸೋಮವಾರ ಬೆಳಿಗ್ಗೆ ವಾಪಸು ಬಂದು ಟೇಪು ಹಿಡಿದರೆ ನೀರು ಅಂಚಿಗಿಂತ ಒಂದೂಕಾಲು ಇಂಚು ಕೆಳಗಿತ್ತು. ಮಿಸ್ತ್ರಿ ಸೋರದಂತೆ ಹಾಕಬೇಕಾದ ಕೆಮಿಕಲ್ ಹಾಕದೆ ಮೋಸ ಮಾಡಿದ್ದಾನೆ ಎಂಬುದು ಹಾಲೇಶರ ಆರೋಪ.

ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ ಎಂದು ರೇವಣಸಿದ್ದ ಹೇಳಿ ನೋಡಿದ. ಅಷ್ಟರಲ್ಲಿ ಮೇಲಿನವರಿಂದ ಫೋನು ಬಂತು. 11.15ಕ್ಕೆ ಉಜ್ಜಿನಪ್ಪನ ಮೇಲೆ ವಂಚನೆಯ ಎಫ್‌ಐಆರ್ ದಾಖಲಾಯಿತು.

"ಶುಕ್ರವಾರ ಬ್ರೇಕರ್ ತರಸ್ತೀನ್ರಿ," ಎಂದರು ಹಾಲೇಶ್ ಏಳುತ್ತ. "ಒಡದು ತೋರಸ್ತೀನಿ, ಒಳಗ ಏನ್ ಬಳದಾನ ಅಂತ ಊರಿಗೆಲ್ಲ ಗೊತ್ತಾಗ್ಲಿ."

"ಗುರುವಾರದ ತನಕ ಒಂದ್ ಟೈಲ್ ಮುಟ್ಟಬ್ಯಾಡ್ರಿ. ಅದು ಈಗ ಸಾಕ್ಷಿ," ಎಂದ ರೇವಣಸಿದ್ದ. ಅವನ ಕೈಯಲ್ಲಿ ಮೂರು ದಿನ ಉಳಿದವು.

ಮಧ್ಯಾಹ್ನ 12.30ಕ್ಕೆ ಸ್ಥಳ ಪಂಚನಾಮೆ. ಹೆಡ್ ಕಾನ್‌ಸ್ಟೇಬಲ್ ಜಂಬಪ್ಪ ಟೇಪು ಹಿಡಿದ. ಬಿ.ಎಸ್ಸಿ. ಮುಗಿಸಿ ಇಲಾಖೆ ಸೇರಿದ್ದ ಕಾನ್‌ಸ್ಟೇಬಲ್ ಕಾವ್ಯ ಬರೆದುಕೊಂಡಳು. ಹಿತ್ತಲಿನ ಸುತ್ತ ಆರಡಿ ಗೋಡೆ. ಹಿಂದಿನ ಓಣಿಗೆ ಒಂದು ಕಬ್ಬಿಣದ ಗೇಟು, ಅದಕ್ಕೆ ಬೀಗ. ಬೀಗ ಒಡೆದಿಲ್ಲ. ಕ್ಯಾಮೆರಾ ಇರುವುದು ಮನೆಯ ಮುಂದೆ ಮಾತ್ರ. ಕೊಳ ಒಂದು ತುದಿಯಲ್ಲಿ ಮೂರೂವರೆ ಅಡಿ ಆಳ, ಇನ್ನೊಂದು ತುದಿಯಲ್ಲಿ ಐದಡಿ; ಒಳಗೆಲ್ಲ ನೀಲಿ ಟೈಲು, ಇಳಿಯಲು ಮೂರು ಮೆಟ್ಟಿಲು. ಬಿಸಿಲು ನೀರಿನೊಳಗೆ ಬಲೆ ಹೆಣೆಯುತ್ತಿತ್ತು. ಬಾಯಿ ಒಣಗಿದ್ದ ಮೂವರೂ ಸ್ವಲ್ಪ ಹೊತ್ತು ಬರೆಯುವುದನ್ನು ಬಿಟ್ಟು ಅದನ್ನೇ ನೋಡಿದರು.

ಉಜ್ಜಿನಪ್ಪ ಪಂಪಿನ ಶೆಡ್ಡಿನ ನೆರಳಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಐವತ್ತರ ಆಸುಪಾಸು. ಬೆಳಗಿನಿಂದ ಏನೂ ತಿಂದಿಲ್ಲವೆಂದು ಮುಖವೇ ಹೇಳುತ್ತಿತ್ತು. ದನದ ತೊಟ್ಟಿ, ನೀರಿನ ಟ್ಯಾಂಕು ಕಟ್ಟುತ್ತ ಬಂದವನು. ಈಜುಕೊಳ ಇದೇ ಮೊದಲು. ಹೇಗೆ ಕಟ್ಟಿದೆ ಹೇಳು ಎಂದದ್ದಕ್ಕೆ ಅವನು ಆರೋಪವನ್ನೇ ಮರೆತವನ ಹಾಗೆ ಹೇಳತೊಡಗಿದ. ಸುಣ್ಣದ ಪುಡಿಯಲ್ಲಿ ಗೆರೆ ಎಳೆದದ್ದು, ಮೂರನೇ ಅಡಿಗೇ ಗಟ್ಟಿ ಮೊರಂ ಸಿಕ್ಕು ಗುದ್ದಲಿ ಬಾಗಿದ್ದು, ಎರಡು ಪದರ ಸರಳು ಹೆಣೆದದ್ದು, ಕಾಂಕ್ರೀಟನ್ನು ನಡುವೆ ನಿಲ್ಲಿಸದೆ ಒಂದೇ ದಿನದಲ್ಲಿ ಮುಗಿಸಿದ್ದು, ಅದರ ಮೇಲೆ ಕೆಮಿಕಲ್ ಒಂದರ ಬದಲು ಮೂರು ಸಲ ಬಳಿದದ್ದು. ಟೈಲು ಕೂರಿಸಿದ ಮೇಲೆ ಹೆಣ್ಣಾಳುಗಳನ್ನು ಬರಿಗಾಲಲ್ಲಿ ಇಡೀ ಕೊಳದ ತುಂಬ ನಡೆಸಿದ್ದನಂತೆ. ಅಂಗಾಲಿಗೆ ಎಲ್ಲಿ ಚುರ್ ಎಂದರೂ ಆ ಅಂಚನ್ನು ಮತ್ತೆ ಉಜ್ಜುವುದು.

"ಹಂಪಿ ಕಡಿ ರೆಸಾರ್ಟಿನೋರು ಇಬ್ರು ಬಂದು ನೋಡಿ ಹೋಗ್ಯಾರ್ರಿ," ಎಂದ. "ಇದು ನಿಂತ್ರ ಅವ್ರದೂ ನಂದ. ಇದನ್ನ ಒಡದ್ರು ಅಂದ್ರ ನಾಳಿಂದ ದನದ ತೊಟ್ಟಿನೂ ಕೊಡಂಗಿಲ್ಲ ಯಾರೂ."

"ಸೋರ್ತೈತೇನು?"

"ಬಕೆಟ್ ಇಡ್ರಿ ಸಾರ್. ನನ್ನ ಮಾತು ಬ್ಯಾಡ."

ಅವನು ಹೇಳಿದ ಪ್ರಕಾರವೇ ಒಂದು ಬಕೆಟ್ಟಿಗೆ ಕೊಳದ ನೀರನ್ನೇ ತುಂಬಿ ಎರಡನೇ ಮೆಟ್ಟಿಲ ಮೇಲೆ, ಅರ್ಧ ಮುಳುಗುವಂತೆ ಇಟ್ಟರು. ಬಕೆಟ್ಟಿಗೂ ಕೊಳದ ಗೋಡೆಗೂ ನೀರಿನ ಮಟ್ಟದಲ್ಲಿ ಕಪ್ಪು ಗೆರೆ. ಬಿಸಿಲು ಎರಡರಿಂದಲೂ ಒಂದೇ ಅಳತೆಯ ನೀರು ಕುಡಿಯುತ್ತದೆ. ಕೊಳದ್ದು ಹೆಚ್ಚು ಇಳಿದರೆ ಮಾತ್ರ ಸೋರಿಕೆ. ಪಂಚರ ಸಹಿಯಾಯಿತು. ಆರೋಪಿ ಮಿಸ್ತ್ರಿಯ ಮಾತು ಕೇಳಿ ಪೊಲೀಸರು ಬಕೆಟ್ ಇಟ್ಟಿದ್ದಾರೆಂದು ಹಾಲೇಶ್ ಯಾರಿಗೋ ಫೋನಿನಲ್ಲಿ ಹೇಳಿ ನಕ್ಕಿದ್ದು ಕೇಳಿಸಿತು.

ಮೇ 13, ಮಂಗಳವಾರ, ಅದೇ ಹೊತ್ತು. ಬಕೆಟ್ಟಿನಲ್ಲಿ ಕಾಲು ಇಂಚು ಇಳಿದಿತ್ತು. ಕೊಳದಲ್ಲೂ ಕಾಲು ಇಂಚು.

ರೇವಣಸಿದ್ದ ಜೀಪಿನ ಬಾನೆಟ್ ಮೇಲೆ ಕಾಗದವಿಟ್ಟುಕೊಂಡ. ಭಾನುವಾರ ಹೋದದ್ದು ಒಂದೂಕಾಲು. ಅದರಲ್ಲಿ ಕಾಲು ಸೂರ್ಯನದು. ಉಳಿದ ಒಂದು ಇಂಚು ಭಾನುವಾರ ಮಾತ್ರ ಹೋಗಿದೆ, ಆಮೇಲೆ ಹೋಗಿಲ್ಲ. ತೂತಿಗೆ ವಾರದ ರಜೆ ಗೊತ್ತಾಗುವುದಿಲ್ಲ. ಹಾಗಾದರೆ ನೀರು ಕೆಳಗಿನಿಂದ ಹೋಗಿಲ್ಲ, ಮೇಲಿನಿಂದ ಹೋಗಿದೆ. ಅಂಚಿನ ತನಕ ತುಂಬಿದ್ದ ಕೊಳದೊಳಗೆ ಏನೋ ಇಳಿದಿದೆ. ತುಳುಕಿದ ನೀರು ಚೆಲ್ಲಿದೆ.

"ಎಮ್ಮಿ ಬಿದ್ದಿರಬೇಕ್ರಿ," ಎಂದ ಜಂಬಪ್ಪ.

ಕಾವ್ಯ ಅಷ್ಟರಲ್ಲಿ ಅಂಗೈ ಮೇಲೆ ಲೆಕ್ಕ ಮುಗಿಸಿದ್ದಳು. ಇಪ್ಪತ್ತನಾಲ್ಕು, ಹನ್ನೆರಡು, ಒಂದು ಇಂಚು: ಹತ್ತಿರ ಹತ್ತಿರ ಆರುನೂರ ಎಂಬತ್ತು ಲೀಟರ್. "ಒಂದ್ ಎಮ್ಮಿಗೆ ಆಗಂಗಿಲ್ಲ ಜಂಬಪ್ಪಣ್ಣ. ಒಂದೂವರಿ ಎಮ್ಮಿ ಬೇಕು."

"ಕರು ಜೊತಿಗಿತ್ತೇನ ಹಂಗಾರ," ಎಂದ ಜಂಬಪ್ಪ, ಸೋಲೊಪ್ಪದೆ.

ಆದರೆ ಆರಡಿ ಗೋಡೆ ಹಾರುವ ಎಮ್ಮೆ ಸಂಡೂರು ಸೀಮೆಯಲ್ಲಿಲ್ಲ. ಗೊರಸಿನ ಗುರುತೂ ಇಲ್ಲ. ಮನುಷ್ಯರಾದರೆ, ಮುಳುಗಿದವರ ತೂಕದಷ್ಟೇ ನೀರು ಹೊರಗೆ. ತಲೆಗೆ ಐವತ್ತು ಲೀಟರ್ ಹಿಡಿದು, ಎರಚಾಡಿದ್ದು, ಬಟ್ಟೆ ಹೀರಿದ್ದು ಕಳೆದರೆ ಹತ್ತು ಹನ್ನೊಂದು ಜನ ಎಂದಳು ಕಾವ್ಯ. ಹೇಳಿದ ಮೇಲೆ ಆ ಸಂಖ್ಯೆಯನ್ನು ಅವಳೇ ನಂಬಲಿಲ್ಲ.

ಮೇ 14, ಬುಧವಾರ, ಮಧ್ಯಾಹ್ನ 12.30. ಬಕೆಟ್ಟಿನಲ್ಲೂ ಕೊಳದಲ್ಲೂ ಮತ್ತೆ ಕಾಲು ಇಂಚು. ಜೊತೆಗೆ ಹೊಸದೊಂದು ಕಂಡಿತು. ಮೂರು ದಿನ ಯಾರೂ ಅಲುಗಿಸದ ನೀರು ತಿಳಿಯಾಗಿ, ಅದರಲ್ಲಿ ತೇಲುತ್ತಿದ್ದದ್ದು ತಳಕ್ಕೆ ಕೂತಿತ್ತು. ಆಳವಿಲ್ಲದ ತುದಿಯಲ್ಲಿ, ಮೆಟ್ಟಿಲ ಬುಡದಲ್ಲಿ, ನೀಲಿ ಟೈಲಿನ ಮೇಲೆ ತೆಳ್ಳಗೆ ಕೆಂಪು. ಜಂಬಪ್ಪ ಪ್ಯಾಂಟು ಮಡಚಿ ಇಳಿದು ಬೆರಳಿಗೆ ಹಚ್ಚಿಕೊಂಡು ಬಂದ. ಈ ಕಡೆಯವರಿಗೆ ಅದನ್ನು ಲ್ಯಾಬಿಗೆ ಕಳಿಸುವ ಅಗತ್ಯವಿರಲಿಲ್ಲ. ಅದಿರಿನ ಧೂಳು. ಅದಿರು ರಾಶಿ ಹಾಕುವ ಸ್ಟಾಕ್‌ಯಾರ್ಡಿನಲ್ಲಿ ಕೆಲಸ ಮಾಡುವವರ ತಲೆಗೂದಲಿನಲ್ಲಿ, ಸೀರೆಯ ಮಡಿಕೆಯಲ್ಲಿ, ಉಗುರಿನ ಸಂದಿಯಲ್ಲಿ ಇರುವಂಥದ್ದು. ಬಕೆಟ್ ನೀರಿನ ಸ್ನಾನಕ್ಕೆ ಪೂರ್ತಿ ಹೋಗದೆ ಉಳಿಯುವಂಥದ್ದು.

ರೇವಣಸಿದ್ದ ಬಗ್ಗಿ ನೋಡುತ್ತಿದ್ದ ಉಜ್ಜಿನಪ್ಪನನ್ನು ನೋಡಿದ. ಮಿಸ್ತ್ರಿಯ ಮುಖದಲ್ಲಿ ಏನೋ ಆರಿತು.

"ಹಿಂದಿನ ಗೇಟಿನ ಕೀಲಿ ಯಾರ ಹತ್ರ ಐತಿ?"

"ನನ್ನ ಹತ್ರ. ಮನ್ಯಾಗ ಮೊಳಿಗೆ ಹಾಕಿರ್ತೀನಿ."

"ನಿನ್ನ ಗ್ಯಾಂಗಿನಾಗ ಹೆಣ್ಣಾಳು ಎಷ್ಟು?"

ಉಜ್ಜಿನಪ್ಪ ನೀರಿನ ಕಡೆ ತಿರುಗಿದ. ಹನ್ನೊಂದು ಎಂದು ಹೇಳಲಿಲ್ಲ. "ಸೋರೇತಿ ಅಂತ ಬರಕೊಳ್ರಿ ಸಾರ್," ಎಂದ. "ಕೆಮಿಕಲ್ ಕಮ್ಮಿ ಹಾಕಿದ್ದೆ. ನಂದ ತಪ್ಪು. ಒಡೀಲಿ ಬಿಡ್ರಿ."

ರೇವಣಸಿದ್ದ ಹಲವು ಸುಳ್ಳು ಕೇಳಿದ್ದ. ತನ್ನ ಕೈಯಿಂದ ಕಟ್ಟಿದ್ದನ್ನು ತಾನೇ ಕೆಡಹುವ ಸುಳ್ಳು ಕೇಳಿರಲಿಲ್ಲ. ಅವನು ಅದನ್ನು ಬರೆದುಕೊಳ್ಳಲಿಲ್ಲ. ಊಟ ಮಾಡಿ ಮನೆಗೆ ಹೋಗು ಎಂದಷ್ಟೇ ಹೇಳಿದ.

ಮೇ 15, ಗುರುವಾರ, ಬೆಳಿಗ್ಗೆ 11.00, ಬಂಡ್ರಿ. ಕಟ್ಟಡದ ಕೆಲಸವಿಲ್ಲದ ದಿನ ಆ ಹೆಂಗಸರು ಸ್ಟಾಕ್‌ಯಾರ್ಡು ಗುಡಿಸಲು ಹೋಗುತ್ತಾರೆಂದೂ, ಭಾನುವಾರ ಮಧ್ಯಾಹ್ನದ ತನಕ ಗುಡಿಸಿ ಅಲ್ಲಿಂದ ನೇರ ಗಾದಿಗನೂರಿನ ಕಡೆಗೆ ಹೋಗುವ ಟೆಂಪೋ ಹತ್ತಿದರೆಂದೂ ಊರ ಬಾಗಿಲಲ್ಲೇ ತಿಳಿಯಿತು. ಸಂಜೆ ಒದ್ದೆ ಸೀರೆಯಲ್ಲಿ, ನಗುತ್ತ ಇಳಿದದ್ದನ್ನು ಚಹಾ ಅಂಗಡಿಯವನು ನೋಡಿದ್ದ. ಮಳೆ ಎಲ್ಲಿ ಬಂತು ಎಂದು ಕೇಳಿದ್ದಕ್ಕೆ, ನಮಗಷ್ಟ ಬಂತು ಎಂದಿದ್ದರಂತೆ.

ಗ್ಯಾಂಗಿನ ಹಿರಿಯಳು ಚೆನ್ನಬಸಮ್ಮ. ಐವತ್ತೆರಡು ವರ್ಷ, ಒಣಗಿದ ಜಾಲಿಯಂಥ ಮೈ. ಪೊಲೀಸರನ್ನು ನೋಡಿ ಕಟ್ಟೆಯ ಮೇಲೆ ಚಾಪೆ ಹಾಸಿದಳು.

"ಕುಂದ್ರಿ. ಯಾರ್ನ ಹುಡುಕ್ಕೊಂಡು ಬಂದ್ರಿ?"

ನಿಮ್ಮ ಮಿಸ್ತ್ರಿ ಮೇಲೆ ವಂಚನೆ ಕೇಸಾಗಿದೆ, ನಾಳೆ ಕೊಳ ಒಡೆಸುತ್ತಾರೆ ಎಂದು ರೇವಣಸಿದ್ದ ವಿಷಯ ಹೇಳಿದ. ಒಂದು ಇಂಚಿನ ಕತೆಯನ್ನೂ ಹೇಳಿದ. ಅವಳಿಗೆ ಇದೇನೂ ಗೊತ್ತಿರಲಿಲ್ಲ. ಉಜ್ಜಿನಪ್ಪ ಊರಲ್ಲಿ ಬಾಯಿ ಬಿಟ್ಟಿರಲಿಲ್ಲ.

"ಅಂವ ಕಟ್ಟಿದ್ದು ಒಂದ್ ಹನಿ ಸೋರಂಗಿಲ್ಲ," ಎಂದಳು. "ಅಂವನ ಮನಿ ಮೊಳಿಯಿಂದ ಕೀಲಿ ನಾ ತಗೊಂಡೆ. ಅಂವ ಇರ್ಲಿಲ್ಲ. ನಾ ಇಳದೆ. ನಾ ಒಬ್ಬಾಕಿನ."

"ಒಬ್ಬಾಕಿ ಇಳದ್ರ ಇಂಚು ಹೋಗಂಗಿಲ್ಲಮ್ಮ," ಎಂದ ಜಂಬಪ್ಪ. "ಎಮ್ಮಿನ ಸಾಕಾಗ್ಲಿಲ್ಲ ನಮ್ಮ ಲೆಕ್ಕಕ್ಕ."

ಅವಳು ತನ್ನ ಮೈಯನ್ನೊಮ್ಮೆ ನೋಡಿಕೊಂಡಳು. ಓಣಿಯ ಬಾಗಿಲುಗಳಲ್ಲಿ ಒಬ್ಬೊಬ್ಬರಾಗಿ ಹೆಂಗಸರು ನಿಂತಿದ್ದರು. ತೀರ ಚಿಕ್ಕವಳಾದ ಲಲಿತಾ ಕಟ್ಟೆ ಕಡೆ ಒಂದು ಹೆಜ್ಜೆ ಇಟ್ಟಾಗ ಚೆನ್ನಬಸಮ್ಮ ತಿರುಗದೆಯೇ, ಒಲೆ ಮೇಲೆ ಹಾಲಿಟ್ಟು ಬಂದೀಯಲ್ಲ ಹೋಗಲೇ, ಎಂದಳು.

"ಹಂಗಾರ ಹನ್ನೊಂದ್ ಸಲ ಇಳದೀನಿ ಅಂತ ಬರಕೊಳ್ರಿ," ಎಂದಳು ರೇವಣಸಿದ್ದನಿಗೆ. "ಇಳದೆ, ಎದ್ದೆ. ಇಳದೆ, ಎದ್ದೆ. ಆಸಿ ತೀರ್ಲಿಲ್ಲ."

ಕಾವ್ಯ ಬಾಯಿ ತೆರೆದಳು. ಒಂದೇ ಮೈ ಎಷ್ಟು ಸಲ ಇಳಿದರೂ ಅಂಚಿನಿಂದ ಚೆಲ್ಲುವುದು ಮೊದಲ ಸಲವೇ ಎಂದು ಅವಳಿಗೆ ಗೊತ್ತಿತ್ತು. ರೇವಣಸಿದ್ದನಿಗೂ ಗೊತ್ತಿತ್ತು. ಅವನು ಹಾಳೆ ತೆಗೆದು, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದ: ಹನ್ನೊಂದು ಸಲ.

"ಸೀರಿ ಒಂದೊಂದ್ ಸಲಕ್ಕೂ ನೀರು ಹೀರ್ತೈತಲ್ಲ ಕಾವ್ಯ," ಎಂದ ತಲೆ ಎತ್ತದೆ.

"ಹೀರ್ತೈತ್ರಿ ಸಾರ್," ಎಂದಳು ಕಾವ್ಯ.

ಮಧ್ಯಾಹ್ನ 12.20ಕ್ಕೆ ಚೆನ್ನಬಸಮ್ಮನನ್ನು ಅತಿಕ್ರಮ ಪ್ರವೇಶದ ಆರೋಪದ ಮೇಲೆ ದಸ್ತಗಿರಿ ಮಾಡಲಾಯಿತು. ಕಾವ್ಯ ಕೈ ಹಿಡಿದು ಜೀಪು ಹತ್ತಿಸಿದಳು. ಮನೆಯವರಿಗೆ ವಿಷಯ ತಿಳಿಸಿದ ಬಗ್ಗೆ ಸಹಿ ಪಡೆಯಲಾಯಿತು. ಬಕೆಟ್ಟಿನ ಪಂಚನಾಮೆ ಮತ್ತು ಈ ಹೇಳಿಕೆಯ ಆಧಾರದ ಮೇಲೆ ಉಜ್ಜಿನಪ್ಪನ ಹೆಸರು ಕೈಬಿಡುವಂತೆ ಕೋರ್ಟಿಗೆ ವರದಿ ಸಿದ್ಧವಾಯಿತು. ಹಾಲೇಶ್ ಬ್ರೇಕರಿನವನಿಗೆ ಬರಬೇಡವೆಂದರು. ಆದರೆ ಕೂಲಿಯವರು ಇಳಿದ ನೀರಿನಲ್ಲಿ ತಮ್ಮ ಮಕ್ಕಳು ಆಡುವುದಿಲ್ಲವೆಂದು ಅಂದೇ ಪಂಪು ಹಾಕಿ ಅಷ್ಟನ್ನೂ ಹಿಂದಿನ ಓಣಿಗೆ ಬಿಡಿಸಿದರು. ನೀರು ಬಿಡಿಸಿದ ಸುದ್ದಿ ಕಿವಿಗೆ ಬಿದ್ದರೂ ರೇವಣಸಿದ್ದ ಅದನ್ನು ಠಾಣೆಯಲ್ಲಿ ಯಾರಿಗೂ ಹೇಳಲಿಲ್ಲ.

ಜಾಮೀನು ಕೊಡಬಹುದಾದ ಅಪರಾಧ. ಮಧ್ಯಾಹ್ನ 3.30ಕ್ಕೆ ಉಜ್ಜಿನಪ್ಪನೇ ಜಾಮೀನು ನಿಲ್ಲಲು ಬಂದ. ಅವಳನ್ನು ನೋಡಿ ಬೈಯಲು ಬಾಯಿ ತೆರೆದವನು, ಟೈಲಿನ ಅಂಚು ಎಲ್ಲಾದರೂ ಕಾಲಿಗೆ ಕೊಯ್ದಿತೇ ಎಂದು ಕೇಳಿದ. ಇಲ್ಲ, ಬೆಣ್ಣೆ ಹಂಗಿತ್ತು ಎಂದಳು.

ಸಹಿಗಳೆಲ್ಲ ಮುಗಿದವು. ರೇವಣಸಿದ್ದ ಪೆನ್ನಿನ ಮುಚ್ಚಳ ಹಾಕಿ, ಹಾಳೆಗಳನ್ನು ಫೈಲಿನೊಳಗೆ ಸೇರಿಸಿ, ಆಮೇಲೆ ಕೇಳಿದ.

"ಯಾಕಮ್ಮ?"

ಅವಳು ಕಂಪ್ಲಿಯಲ್ಲಿ ಹುಟ್ಟಿದವಳು, ಹೊಳೆಯ ದಂಡೆಯ ಮನೆ. ನಡೆಯುವ ಮೊದಲೇ ಈಜು ಕಲಿತಿದ್ದಳಂತೆ. ಹದಿನೇಳಕ್ಕೆ ಬಂಡ್ರಿಗೆ ಮದುವೆ. ಅಲ್ಲಿಂದೀಚೆಗೆ ಮೈ ಮುಳುಗುವಷ್ಟು ನೀರು ನೋಡಿದ್ದಿಲ್ಲ. ಮೂರು ತಿಂಗಳು ಆ ಗುಂಡಿಯಿಂದ ಮಣ್ಣು ಹೊತ್ತು ಹಾಕಿದರು. ಮಧ್ಯಾಹ್ನ ಅದೇ ಗುಂಡಿಯೊಳಗೆ ನೆರಳಿಗೆ ಕೂತು ರೊಟ್ಟಿ ತಿನ್ನುವಾಗ ಅವಳು ಹೊಳೆಯ ಮಾತು ತೆಗೆಯುತ್ತಿದ್ದಳು. ಸುಮ್ಮನೆ ಮಲಗಿದರೆ ಸಾಕು, ನೀರೇ ಹೊರುತ್ತದೆ ಎಂದರೆ ಉಳಿದವರು ನಗುತ್ತಿದ್ದರು. ಕಂಪ್ಲಿಯವಳು ಬೊಗಳೆ ಬಿಡುತ್ತಾಳೆ ಎನ್ನುತ್ತಿದ್ದರು.

"ದಿನಾ ನಾವ ಹೊರತೀವ್ರಿ," ಎಂದಳು. "ಮಣ್ಣು, ಜಲ್ಲಿ, ಅದಿರು, ಕೂಸು. ಈ ಹೆಣ್ಮಕ್ಕಳ್ನ ಹುಟ್ಟಿದ ಮ್ಯಾಲೆ ಯಾರೂ ಹೊತ್ತಿಲ್ಲ. ಒಂದ್ ಸಲ ತೋರಸ್ಬೇಕು ಅನಸ್ತು."

ಅವಳು ಮೇಜಿನ ಮೇಲೆ ಎರಡೂ ಅಂಗೈ ಅಂಗಾತ ಮಾಡಿ ಚಾಚಿದಳು. ಹೀಗೆ ಒಬ್ಬೊಬ್ಬರ ಬೆನ್ನಿನ ಕೆಳಗೆ ಹಿಡಿದಿದ್ದಳು. ಕಣ್ಣು ಮುಚ್ಚು, ಕುತ್ತಿಗೆ ಬಿಡು ಎಂದಿದ್ದಳು. ಬುಟ್ಟಿ ಹೊತ್ತ ಕುತ್ತಿಗೆಗಳು, ಬೇಗ ಬಿಡುವುದಿಲ್ಲ. ಲಲಿತಾ ಅಂತೂ ಅವಳ ಸೆರಗು ಹಿಡಿದು ಅತ್ತೇಬಿಟ್ಟಳು.

"ಆಮ್ಯಾಲೆ?" ಎಂದಳು ಕಾವ್ಯ.

"ಆಮ್ಯಾಲೆ ಮೆಲ್ಲಕ ಕೈ ತಗದೆ," ಎಂದಳು ಚೆನ್ನಬಸಮ್ಮ. "ಆಕಿಗೆ ಗೊತ್ತಾಗ್ಲಿಲ್ಲ."