ಪಕ್ಕದ ಮನೆಯ ಅಳತೆ

“ನಿಮ್ಮ ಮನೆಯವರು ಎಷ್ಟು ಎತ್ತರ ಇದ್ದಾರೆ?”

ಟೇಪಿನ ಒಂದು ತುದಿ ಅವನ ಕೈಯಲ್ಲಿತ್ತು, ಇನ್ನೊಂದು ಅವಳ ಕೈಯಲ್ಲಿ. ಪರಿಚಯವೇ ಸರಿಯಾಗಿ ಆಗದ ಗಂಡಸಿನ ಮಲಗುವ ಕೋಣೆಯಲ್ಲಿ ನಿಂತು ಇಲ್ಲದ ಗಂಡನ ಎತ್ತರ ಹೇಳಬೇಕಾದ ಗತಿ ಅವಳಿಗೆ ಬಂದಿತ್ತು.

“ಯಾಕೆ?” ಎಂದಳು.

“ವಾರ್ಡ್‌ರೋಬಲ್ಲಿ ಶರ್ಟ್ ನೇತುಹಾಕೋ ರಾಡ್ ಎಲ್ಲಿ ಬರಬೇಕು ಅಂತ ಬಡಗಿ ಕೇಳೇ ಕೇಳ್ತಾನೆ. ಎತ್ತರದೋರಿಗೆ ಕೆಳಗೆ ಹಾಕಿದ್ರೆ ಪಾಪ, ದಿನಾ ಬಗ್ಗಬೇಕು.”

ಅವಳು ಅತ್ತಿತ್ತ ನೋಡಿದಳು. ಕಣ್ಣೆದುರು ಇದ್ದದ್ದು ಒಂದೇ ಅಳತೆ.

“ನಿಮ್ಮಷ್ಟೇ” ಎಂದುಬಿಟ್ಟಳು.

ಅವನು ನಕ್ಕ. “ಹಾಗಾದ್ರೆ ಸುಲಭ ಆಯ್ತು.” ಗೋಡೆಗೆ ಬೆನ್ನು ಕೊಟ್ಟು ನಿಂತು ಕೈ ಎತ್ತಿದ. ಅವಳು ತುದಿಗಾಲಲ್ಲಿ ನಿಂತು ಅವನ ಬೆರಳಿನವರೆಗೆ ಟೇಪು ಎಳೆದಳು. ಅವನ ಕೂದಲಿನ್ನೂ ಒಣಗಿರಲಿಲ್ಲ, ಈಜುಕೊಳದ ನೀರಿನ ವಾಸನೆ ಬರುತ್ತಿತ್ತು. ಅವನು ಬಡಾವಣೆಯ ಮಕ್ಕಳಿಗೆ ಈಜು ಕಲಿಸುವವನು. ಚಿಕ್ಕವರು ದೊಡ್ಡವರು ಎಲ್ಲರಿಗೂ ‘ಕೋಚ್’.

ಅವಳ ಕಿವಿ ಬಿಸಿಯಾಗಿತ್ತು. ಅವನು ಅದನ್ನು ಸೆಖೆ ಎಂದುಕೊಂಡು ಫ್ಯಾನ್ ಹಾಕಿದ.

ಸುಳ್ಳು ಹುಟ್ಟಿದ್ದು ಬ್ರೋಕರನ ಬಾಯಲ್ಲಿ, ಬೆಳೆದದ್ದು ಇವಳ ಬಾಯಲ್ಲಿ.

ಅದೊಂದು ಹಳೆಯ ಬಡಾವಣೆ. ಯಾರೋ ಬುದ್ಧಿವಂತರು ಹಿಂದೆಂದೋ ಕೂತು ಅಚ್ಚುಕಟ್ಟಾಗಿ ನಕ್ಷೆ ಹಾಕಿ ಕಟ್ಟಿಸಿದ್ದು. ಬಾಗಿ ಬಾಗಿ ಹೋಗುವ ರಸ್ತೆಗಳು, ನಡುವೆ ಪಾರ್ಕು, ಲೈಬ್ರರಿ, ಈಜುಕೊಳ. ನೆಟ್ಟಾಗ ಕೋಲಿನಂತಿದ್ದ ಗಿಡಗಳು ಈಗ ರಸ್ತೆಯ ಮೇಲೆ ಒಂದಕ್ಕೊಂದು ಕೈ ಚಾಚಿದ್ದವು. ಮನೆಗಳೆಲ್ಲ ಜೋಡಿ ಜೋಡಿ: ಒಂದೇ ಛಾವಣಿ, ನಡುವೆ ಒಂದು ಗೋಡೆ, ಮುಂದೆ ಮೊಣಕಾಲೆತ್ತರದ ಕಾಂಪೌಂಡು. ಮೊದಲ ಸಲ ಬಂದಾಗಲೇ ಅವಳಿಗೆ ಇಲ್ಲಿಂದ ವಾಪಸ್ ಹೋಗುವ ಮನಸ್ಸಾಗಿರಲಿಲ್ಲ.

“ಮೇಡಂ, ಇದು ಹಳೇ ಲೇಔಟು” ಎಂದಿದ್ದ ಬ್ರೋಕರ್. “ಇಲ್ಲಿನೋರಿಗೆ ಸಂಸಾರಸ್ಥರೇ ಬೇಕು. ಗಂಡ ಹಡಗಲ್ಲಿ ಕೆಲಸ ಮಾಡ್ತಾರೆ ಅಂದ್ಬಿಡಿ. ಹಡಗಿನೋರು ಬರದೇ ಇದ್ರೆ ಯಾರೂ ಕೇಳಲ್ಲ.”

ಅವಳು ಬೇಡ ಎನ್ನಬೇಕಿತ್ತು. ಆದರೆ ಅಂದು ಬೆಳಗ್ಗೆಯೂ ಅವಳು ಅಕ್ಕನ ಮನೆಯ ಹಾಲಿನಲ್ಲಿ, ದಿವಾನದ ಮೇಲೆ ಎದ್ದಿದ್ದಳು. ಭಾವ ಒಳ್ಳೆಯವರು. ಹಾಲಿಗೆ ಕಾಲಿಡುವ ಮುಂಚೆ, ತಮ್ಮದೇ ಮನೆಯಲ್ಲಿ, ಒಮ್ಮೆ ಕೆಮ್ಮುತ್ತಿದ್ದರು. ವರ್ಷಗಟ್ಟಲೆ ಕೇಳಿದ ಆ ಕೆಮ್ಮಿಗೆ ಅವಳು ದಡಬಡಿಸಿ ಹೊದಿಕೆ ಮಡಿಸುತ್ತಿದ್ದಳು. ಯಾರಾದರೂ ಗದರಿದ್ದರೆ ಸಹಿಸಬಹುದಿತ್ತು. ಆ ಮರ್ಯಾದೆಯ ಕೆಮ್ಮೇ ಅವಳನ್ನು ಹಿಂಡುತ್ತಿತ್ತು. ಅವಳಿಗೆ ತನ್ನದೊಂದು ಬಾಗಿಲು ಬೇಕಿತ್ತು, ಬೇರೇನೂ ಬೇಡ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಇವಳು ಒಂದು ಮದುವೆಯ ಸುಳ್ಳು ಹೇಳಿ ಮನೆ ಮಾಡಲು ಹೊರಟಳು.

ಮನೆ ಮಾರುತ್ತಿದ್ದವರು ನಿವೃತ್ತ ಟೀಚರ್. ತಂಗಿಯ ಊರಿಗೆ ಹೋಗಿ ನೆಲೆಸುವ ಯೋಚನೆ ಅವರದು. ಹಡಗಿನ ಗಂಡನ ಮಾತು ಕೇಳಿ “ಹೂಂ” ಎಂದರು, ಅಷ್ಟೇ. ಅವಳೂ ಗಂಡಂದಿರ ವಿಷಯ ಮತ್ತೆ ಎತ್ತಲಿಲ್ಲ, ತನ್ನದೂ ಇಲ್ಲ, ಅವರದೂ ಇಲ್ಲ. ಅಳತೆ ತೆಗೆಯಬೇಕು ಎಂದಾಗ ಮನೆ ತುಂಬ ಪುಸ್ತಕದ ಡಬ್ಬಗಳು, ಗೋಡೆಯೇ ಕಾಣುತ್ತಿರಲಿಲ್ಲ.

“ಪಕ್ಕದಲ್ಲಿ ಹೋಗಿ ಅಳ್ಕೋ. ಎರಡೂ ಒಂದೇ ಮನೆ” ಎಂದರು ಟೀಚರ್. “ನಮ್ಮ ಕೋಚ್ ಪಾಪದೋನು.”

ಹಾಗೆ ಅವಳು ತನ್ನ ಮನೆಯನ್ನು ಅವನ ಮನೆಯಲ್ಲಿ ಅಳೆಯತೊಡಗಿದಳು. ಒಂದು ದಿನ ಪರದೆ, ಇನ್ನೊಂದು ದಿನ ಫ್ರಿಜ್ ಇಡುವ ಮೂಲೆ. ಕೆಲವು ಅಳತೆಗಳನ್ನು ಎರಡೆರಡು ಸಲ ತೆಗೆದದ್ದೂ ಉಂಟು. ಮೊದಲ ಸಲದ್ದು ಮರೆತುಹೋಯಿತು ಎನ್ನುತ್ತಿದ್ದಳು. ಅವನೂ ನಂಬಿದಂತೆ ಮಾಡುತ್ತಿದ್ದ.

“ಯಾವ ಹಡಗು ಅವರದು?”

“ದೊಡ್ಡದು.”

“ಸರಕಿನದಾ, ಪ್ಯಾಸೆಂಜರ್‌ದಾ?”

“ಎರಡೂ.”

“ಅವರಿಗೆ ಈಜು ಬರತ್ತಾ?”

“ಇಲ್ಲ” ಎಂದಳು, ಯಾಕೆಂದು ಅವಳಿಗೇ ಗೊತ್ತಿಲ್ಲ.

“ಅಯ್ಯೋ, ಕಳಿಸಿಕೊಡಿ, ನಾನು ಕಲಿಸ್ತೀನಿ.” ಅವನ ಕಣ್ಣು ನಗುತ್ತಿತ್ತು. ಅವಳೂ ನಕ್ಕಳು. ಆಮೇಲೆ ಬಸ್ಸಿನಲ್ಲಿ ಕಿಟಕಿಗೆ ಮುಖ ತಿರುಗಿಸಿ ಕೂತಳು, ಯಾರೂ ನೋಡದ ಹಾಗೆ.

ಅಡುಗೆಮನೆಯ ಶೆಲ್ಫ್ ಅಳೆಯುವಾಗ ಟೇಪು ಕೈಜಾರಿ ಸರ್ರನೆ ಮಡಚಿಕೊಂಡು ಅವಳ ಬೆರಳಿಗೆ ಹೊಡೆಯಿತು. ಅವನು ಥಟ್ಟನೆ ಅವಳ ಬೆರಳು ಹಿಡಿದು ನಲ್ಲಿಯ ಕೆಳಗೆ ಒಡ್ಡಿದ. ನೀರು ಹರಿಯುತ್ತಿತ್ತು. ಉರಿ ಹೋಯಿತು. ಆದರೂ ಅವನು ಬಿಡಲಿಲ್ಲ, ಅವಳೂ ಎಳೆದುಕೊಳ್ಳಲಿಲ್ಲ. ಅವನ ಹೆಬ್ಬೆರಳು ಅವಳ ಅಂಗೈಯಲ್ಲಿ ಸುಮ್ಮನೆ ಇತ್ತು.

ಇದ್ದಕ್ಕಿದ್ದಂತೆ ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ಬಿಟ್ಟ. “ಸಾರಿ” ಎಂದ. ಅವಳ ಮುಖ ನೋಡಲಿಲ್ಲ.

ಮುಂದಿನ ಸಲ ಅವಳು ಬಂದಾಗ ಬೀಗದಕೈ ಕೊಟ್ಟು, “ನೀವು ಅಳ್ಕೊಳ್ಳಿ, ನಾನು ಹೊರಗಿರ್ತೀನಿ” ಎಂದ. ಕಿಟಕಿಯಿಂದ ನೋಡಿದರೆ ಗೇಟಿನ ಬಳಿ ಬೆನ್ನು ತಿರುಗಿಸಿ ನಿಂತಿದ್ದ. ನೀರು ಹಾಕಿದ ಗಿಡಕ್ಕೇ ಮತ್ತೆ ಮತ್ತೆ ನೀರು ಹಾಕುತ್ತಿದ್ದ.

ಆಗ ಅವಳಿಗೆ ಅರ್ಥವಾಯಿತು. ಅವನು ನಾಚಿಕೆ ಪಡುತ್ತಿದ್ದಾನೆ. ಇನ್ನೊಬ್ಬನ ಹೆಂಡತಿಯ ಕೈ ಹಿಡಿದೆ ಎಂದು, ಹಿಡಿಯಬೇಕು ಅನಿಸಿತಲ್ಲ ಎಂದು. ಕದ್ದವಳು ಒಳಗೆ ಟೇಪು ಹಿಡಿದು ನಿಂತಿದ್ದಳು, ಕಳ್ಳನ ಮುಖ ಹೊತ್ತವನು ಹೊರಗೆ ನಿಂತಿದ್ದ. ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು.

ಹೇಳಿಬಿಡಬೇಕು ಎಂದು ಟೀಚರ್ ಬಳಿಗೆ ಹೋದಳು. ಅವರು ಹಿತ್ತಲ ಬಾಗಿಲ ಚಿಲಕ ಹೇಗೆ ಎತ್ತಿ ಹಾಕಬೇಕು ಎಂದು ತೋರಿಸಿಕೊಟ್ಟರು. “ಸ್ವಲ್ಪ ಹಟಮಾರಿ ಇದು. ರಿಜಿಸ್ಟ್ರೇಷನ್ ಆದ್ಮೇಲೆ ನಿನ್ನ ಮಾತು ಕೇಳತ್ತೆ” ಎಂದರು. ಚಿಲಕ ಹಿಡಿದಾಗ ಭಾವನ ಕೆಮ್ಮು ನೆನಪಾಯಿತು. ಹೇಳಬೇಕೆಂದು ಬಂದದ್ದನ್ನು ಬಿಟ್ಟು ಚಿಲಕವನ್ನೇ ಎತ್ತಿ ಹಾಕಿದಳು.

ರಿಜಿಸ್ಟ್ರೇಷನ್ನಿಗೆ ಮುಂಚೆಯೇ ವಾರ್ಡ್‌ರೋಬ್ ಬಂತು. ಡಬ್ಬಗಳೆಲ್ಲ ತಂಗಿಯ ಊರಿಗೆ ಹೋಗಿ ಕೋಣೆ ಖಾಲಿಯಾಗಿತ್ತು, ಟೀಚರೇ ತರಿಸಲು ಹೇಳಿದ್ದರು. ಬಡಗಿ ಹಲಗೆಗಳನ್ನು ಒಳಗೆ ಸಾಗಿಸಿ ಗೋಡೆಗೆ ಹಿಡಿದು ನೋಡಿದ. ಮತ್ತೆ ನೋಡಿದ. ತಲೆ ಕೆರೆದುಕೊಂಡ.

“ಮೇಡಂ, ಕಂಬ ಇರೋದು ಬಲಗಡೆ. ನಾನು ಜಾಗ ಕತ್ತರಿಸಿರೋದು ಎಡಗಡೆ. ಬಾಗಿಲು ತೆಗೆದ್ರೆ ಕಿಟಕಿಗೆ ಬಡಿಯತ್ತೆ. ಯಾರು ಕೊಟ್ಟಿದ್ದು ಈ ಅಳತೆ?”

ಜೋಡಿ ಮನೆಗಳು ಒಂದೇ, ಆದರೆ ಕನ್ನಡಿಯಲ್ಲಿ ಕಂಡ ಹಾಗೆ ಒಂದೇ. ಅಲ್ಲಿನ ಎಡ ಇಲ್ಲಿ ಬಲ. ಅವಳು ಮಾಡುವ ಕೆಲಸವಾದರೂ ಯಾವುದು! ಕನ್ನಡಕದ ಅಂಗಡಿಯಲ್ಲಿ ಕಣ್ಣಿನ ಪರೀಕ್ಷೆ. ಕೋಣೆ ಚಿಕ್ಕದೆಂದು ಅಕ್ಷರದ ಬೋರ್ಡನ್ನು ಉಲ್ಟಾ ಬರೆಸಿ, ಎದುರಿನ ಕನ್ನಡಿಯಲ್ಲಿ ಊರಿಗೆಲ್ಲ ಓದಿಸುವವಳು. ಅಂಥವಳಿಗೆ ಇಷ್ಟು ಹೊಳೆದಿರಲಿಲ್ಲ, ಯಾಕೆಂದರೆ ಆ ಕೋಣೆಯಲ್ಲಿ ಅವಳು ಗೋಡೆಯನ್ನು ನೋಡಿದ್ದೇ ಕಡಿಮೆ.

“ತಲೆಕೆಳಗೆ ನಿಲ್ಲಿಸಿದ್ರೆ ಕೂರತ್ತೆ” ಎಂದ ಬಡಗಿ, ತಮಾಷೆಗೆ. ಹಲಗೆಗಳನ್ನು ಹೊರಗೆ ಒರಗಿಸಿದ. ಹಾದುಹೋಗುವವರೆಲ್ಲ ನಿಂತು ನೋಡತೊಡಗಿದರು. ಭೂಮಿ ಬಾಯಿಬಿಡಬಾರದೇ ಎನಿಸಿತು ಅವಳಿಗೆ.

ಕೋಚ್ ಹೊರಗೆ ಬಂದ. ಒಂದು ಕ್ಷಣ ನೋಡಿ, “ಸದ್ಯಕ್ಕೆ ನಮ್ಮನೇಲಿ ಜೋಡಿಸಿಡು. ಆಮೇಲೆ ನೋಡಿದ್ರಾಯ್ತು” ಎಂದು ಬಡಗಿಗೆ ಹೇಳಿದ. ಅವಳಿಗೆ ಹೇಳಲಿಲ್ಲ.

ಅಲ್ಲಿ ಅದು ಸಲೀಸಾಗಿ ಕೂತಿತು. ಕಂಬಕ್ಕೆ ಕಂಬ, ಕಿಟಕಿಗೆ ಕಿಟಕಿ. ಬಡಗಿಗೆ ಹೆಮ್ಮೆ ಮರಳಿತು. “ಸಾರ್, ಶರ್ಟ್ ಹಾಕಿ ನೋಡಿ.” ಕೋಚ್ ಕೈ ಎತ್ತಿದ. ರಾಡ್ ಅವನ ಕೈಗೇ ಕಾದು ಕೂತಿತ್ತು.

“ನಿಮಗೇ ಅಂತ ಮಾಡಿದ ಹಾಗಿದೆ!”

“ನನಗಲ್ಲ.” ಅವನು ಕೈ ಇಳಿಸಿದ. “ಇವರ ಯಜಮಾನರಿಗೆ. ಅವರು ಬರ್ತಾರೆ.”

ಆ ‘ಬರ್ತಾರೆ’ಯನ್ನು ಅವನು ಹೇಳಿದ ರೀತಿಯನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

“ಬರಲ್ಲ” ಎಂದಳು. “ಯಾರೂ ಬರಲ್ಲ. ಗಂಡನೂ ಇಲ್ಲ, ಹಡಗೂ ಇಲ್ಲ. ನಂಗೆ ಮದುವೆನೇ ಆಗಿಲ್ಲ.”

ಬಾಗಿಲಲ್ಲಿ ಕಪ್ಪುಗಳ ಸದ್ದಾಯಿತು. ಟೀಚರ್ ಎಲ್ಲರಿಗೂ ಟೀ ತಂದಿದ್ದರು.

“ಗಂಡ ಇದ್ದಾನೆ ಅಂತ ಯಾಕೆ ಹೇಳ್ದೆ?” ಎಂದರು.

“ನೀವು ಸಂಸಾರಸ್ಥರಿಗೆ ಮಾತ್ರ ಕೊಡೋದು ಅಂತ ಬ್ರೋಕರ್...”

“ನನ್ನನ್ನ ಕೇಳಿದ್ಯಾ?”

ಅವಳು ತಲೆ ತಗ್ಗಿಸಿದಳು.

“ಆ ಮನೇಲಿ ಎಲ್ಲಾದ್ರೂ ನನ್ನ ಗಂಡನ ಫೋಟೋ ನೋಡಿದ್ಯಾ? ನೋಡಿರಲ್ಲ. ಇದ್ರೆ ತಾನೇ? ನಾನು ಒಬ್ಬಳೇ ಈ ಮನೆ ತಗೊಂಡೋಳು, ಒಬ್ಬಳೇ ಬಾಳಿದೋಳು. ಅದಕ್ಕೆ ಯಾರಿಗೂ ಸುಳ್ಳು ಹೇಳ್ಲಿಲ್ಲ.” ಟ್ರೇಯನ್ನು ಹಾಸಿಗೆಯ ಮೇಲೆ ಇಟ್ಟರು. “ಒಂಟಿ ಹೆಣ್ಣಿಗೆ ಕಣ್ಣು ಮುಚ್ಚಿ ಕೊಡ್ತಿದ್ದೆ. ಸುಳ್ಳುಗಾರ್ತಿಗೆ ಹೇಗೆ ಕೊಡ್ಲಿ?”

ಅವರು ಹೋದರು. ಬಡಗಿ ತನ್ನ ಸಾಮಾನು ಎತ್ತಿಕೊಂಡು ಮೆಲ್ಲಗೆ ಜಾರಿಕೊಂಡ.

“ಬೆರಳು ಹಿಡಿದಿದ್ದಕ್ಕೆ ನನ್ನನ್ನ ನಾನೇ ಎಷ್ಟು ಬೈಕೊಂಡೆ ಗೊತ್ತಾ?” ಕೋಚಿನ ದನಿ ಸಣ್ಣದಾಗಿತ್ತು. “ದಿನಾ ಅಷ್ಟು ನೀರಲ್ಲಿ ಮುಳುಗಿ ಏಳ್ತೀನಿ. ಆ ನಾಚಿಕೆ ತೊಳೆದು ಹೋಗ್ಲಿಲ್ಲ.”

“ಗೊತ್ತು.”

“ಗೊತ್ತಿತ್ತಾ? ಗೊತ್ತಿದ್ದೂ ಸುಮ್ನಿದ್ರಾ?”

ಟೀ ಹಾಗೇ ಆರಿತು.

ಮನೆ ಹೋಯಿತು, ಅವನೂ ಹೋದ ಎಂದುಕೊಂಡೇ ಅವಳು ಆಮೇಲಿನ ದಿನಗಳಲ್ಲಿ ಹೊದಿಕೆ ಮಡಿಸಿದಳು. ಅಕ್ಕನಿಗೂ ಹೇಳಿಕೊಳ್ಳಲಿಲ್ಲ. ಅಂಗಡಿಯಲ್ಲಿ ಕನ್ನಡಿಯೆದುರು ನಿಲ್ಲುವಾಗ ಅಕ್ಷರ ಮಾತ್ರ ನೋಡಿದಳು, ತನ್ನ ಮುಖ ನೋಡಲಿಲ್ಲ.

ಟೀಚರ್ ಫೋನು ಬಂದದ್ದು ಭಾನುವಾರ. “ಬಾ” ಎಂದರು, ಇಟ್ಟರು.

ಹೋದಳು. ಬಾಗಿಲು ತೆರೆದೇ ಇತ್ತು. ಅವಳನ್ನು ಕಂಡದ್ದೇ ಟೀಚರ್ ಎದ್ದು ಬಂದು ಅವಳ ಮುಖದ ಮೇಲೇ ಬಾಗಿಲು ಹಾಕಿದರು.

“ಬೆಲ್ ಮಾಡು” ಎಂದಿತು ಒಳಗಿನ ದನಿ. “ಮೊದಲಿಂದ.”

ಮಾಡಿದಳು.

“ಯಾರು?”

“ಕನ್ನಡಕದ ಅಂಗಡೀಲಿ ಕಣ್ಣು ಪರೀಕ್ಷೆ ಮಾಡ್ತೀನಿ. ಅಕ್ಕನ ಮನೆ ಹಾಲಲ್ಲಿ ಮಲಗ್ತೀನಿ. ಮನೆ ನೋಡೋಕೆ ಬಂದೆ.”

“ಜೊತೇಲಿ ಯಾರಿದ್ದಾರೆ?”

ಪಕ್ಕದ ಅಂಗಳದಲ್ಲಿ ನೀರು ಹಾಕುವ ಸದ್ದು ನಿಂತಿತು. ಅವನು ಕೇಳಿಸಿಕೊಳ್ಳುತ್ತಿದ್ದಾನೆ. ನಾಚಿಕೆಯಿಂದ ಅವಳ ಕತ್ತು ಸುಟ್ಟಿತು. ಆದರೂ ಗಟ್ಟಿಯಾಗಿಯೇ ಹೇಳಿದಳು.

“ಯಾರೂ ಇಲ್ಲ ಟೀಚರ್. ನಾನೊಬ್ಬಳೇ.”

ಬಾಗಿಲು ತೆರೆಯಿತು. “ಇದನ್ನ ಅವತ್ತೇ ಹೇಳಿದ್ರೆ ನಾಲಿಗೆ ಸವೀತಿತ್ತಾ?” ಟೀಚರ್ ಇನ್ನೂ ಗಂಟುಮುಖದಲ್ಲೇ ಇದ್ದರು. “ಆ ಬ್ರೋಕರ್‌ನ ಕರ್ಕೊಂಡು ಬಾ, ಅವನಿಗೂ ಸ್ವಲ್ಪ ಪಾಠ ಇದೆ. ರಿಜಿಸ್ಟ್ರೇಷನ್ ಮುಂದಿನ ವಾರ. ಅಳಬೇಡ, ಒಳಗೆ ಬಾ.”

“ಒಂದ್ನಿಮಿಷ ಟೀಚರ್” ಎಂದು ಕಾಂಪೌಂಡಿನ ಬಳಿಗೆ ಹೋದಳು.

ಕೋಚ್ ಕಾಂಪೌಂಡಿನ ಆಚೆ ಪೈಪು ಹಿಡಿದು ನಿಂತಿದ್ದ. ನೀರು ಅವನ ಕಾಲಿನ ಮೇಲೇ ಹರಿಯುತ್ತಿತ್ತು.

“ನಿಮ್ಮ ಕೋಪ ಹೋಯ್ತಾ?”

“ಪೂರ್ತಿ ಹೋಗಿಲ್ಲ.” ಪೈಪು ಕೆಳಗಿಟ್ಟ. “ಆ ವಾರ್ಡ್‌ರೋಬ್ ಏನ್ಮಾಡ್ತೀರಾ?”

“ನಮ್ಮನೇಲಿ ಹಿಡಿಸಲ್ಲ.”

“ನಮ್ಮನೇಲಿ ಹಿಡಿಸತ್ತೆ. ಆದ್ರೆ ನನ್ನ ಶರ್ಟೆಲ್ಲ ಅರ್ಧಕ್ಕೇ ಮುಗಿದುಹೋಗತ್ತೆ. ಇನ್ನರ್ಧ ಖಾಲಿ ಹೊಡೀತಿದೆ. ಆ ಕಡೆಗೆ ಇನ್ನೊಂದು ರಾಡ್ ಹಾಕಬೇಕಂತೆ, ಬಡಗಿ ಅಳತೆ ಕೇಳ್ತಿದ್ದಾನೆ.” ಜೇಬಿನಿಂದ ಟೇಪು ತೆಗೆದು, ಒಂದು ತುದಿಯನ್ನು ಗೋಡೆಯಾಚೆ ಅವಳತ್ತ ಚಾಚಿದ. ಈ ಸಲ ಅವಳ ಮುಖವನ್ನೇ ನೋಡಿದ. “ನಿಮ್ಮ ಎತ್ತರ ಎಷ್ಟು?”

ಅವಳು ಟೇಪಿನ ತುದಿ ಹಿಡಿದಳು. ಮುಖ ಬಿಸಿಯಾಗಿದ್ದು ಅವನಿಗೆ ಕಂಡಿರಬೇಕು. ಕಾಣಲಿ ಎಂದು ಬಿಟ್ಟಳು.

“ನಿಮ್ಮ ಭುಜದವರೆಗೆ.”

“ನಿಮ್ಮ ಬಾಯಿಮಾತಿನ ಅಳತೆ ನಾನು ಇನ್ಮೇಲೆ ನಂಬಲ್ಲ. ನಿಂತು ತೋರಿಸ್ಬೇಕು.”

ಅವಳು ಮೊಣಕಾಲೆತ್ತರದ ಗೋಡೆ ದಾಟಿ ಹೋಗಿ ಅವನ ಪಕ್ಕದಲ್ಲಿ ನಿಂತಳು. ಅಳತೆ ಸರಿಯಾಗಿಯೇ ಇತ್ತು.